ನುವರ ಎಲಿಯ ಬಿಡಿ, ಕೆರೆ ಏರಿ ಹತ್ತಿ: ಕೊಡಗಿನವರಿಗೊಂದು ಶ್ರೀಲಂಕಾ ಪ್ರವಾಸ

ಶ್ರೀಲಂಕಾ ಪ್ಯಾಕೇಜ್ ಎಂದು ಬಾಯಿಬಿಟ್ಟ ಕೂಡಲೇ ಏಜೆಂಟರು ವಾಟ್ಸಾಪಿಗೆ ಕಳಿಸುವ ಮೊದಲ ಫೋಟೊ ನುವರ ಎಲಿಯದ್ದು. ಮಂಜು, ಚಹಾ ತೋಟ, ಸಿಲ್ವರ್ ಓಕ್ ಮರಗಳ ಸಾಲು, ಬ್ರಿಟಿಷರ ಕಾಲದ ಬಂಗಲೆ. ಚೆನ್ನೈಯವರಿಗೆ, ಬೆಂಗಳೂರಿನವರಿಗೆ ಅದು ಸ್ವರ್ಗವೇ ಇರಬಹುದು. ಪೊಲ್ಲಿಬೆಟ್ಟದಲ್ಲೋ ಸುಂಟಿಕೊಪ್ಪದಲ್ಲೋ ಬೆಳಿಗ್ಗೆ ಕಿಟಕಿ ತೆಗೆದರೆ ಕಾಣುವುದನ್ನೇ ನೋಡಲು ಪಾಸ್‌ಪೋರ್ಟ್ ಹಿಡಿದು ಸಮುದ್ರ ದಾಟಿ, ಆಮೇಲೆ ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸಿಕೊಂಡು ಹೋಗಬೇಕೇ?

ಮಾಮೂಲಿ ಎಂಟು ದಿನದ ಪ್ಯಾಕೇಜಿನಲ್ಲಿ ಕ್ಯಾಂಡಿ, ನುವರ ಎಲಿಯ, ಬೆಂಟೋಟದ ಬೀಚು, ಕೊಲಂಬೊದ ಶಾಪಿಂಗ್ ಸೇರಿ ಆರು ದಿನ ಮುಗಿದಿರುತ್ತದೆ. ಹಳೇ ಊರುಗಳ ಪಾಲಿಗೆ ಸಿಗುವುದು ಸಿಗಿರಿಯದ ಒಂದು ಅರ್ಧ ದಿನ. ಕೊಡಗಿನಿಂದ ಹೋಗುವವರು ಇದನ್ನು ತಲೆಕೆಳಗು ಮಾಡಬೇಕು. ನಮ್ಮಲ್ಲಿ ಇಲ್ಲದಿರುವುದು ಆ ದ್ವೀಪದ ಬಯಲುಸೀಮೆ. ಬಿಸಿಲಿಗೆ ಕಾದ ಸಮತಟ್ಟು ನೆಲ, ಅದರ ಮೇಲೆ ಬೆಟ್ಟದಂಥ ಇಟ್ಟಿಗೆಯ ಸ್ತೂಪಗಳು, ಅವುಗಳ ಬೆನ್ನಿಗೆ ಸಮುದ್ರದಂಥ ಕೆರೆಗಳು. ಎಂಟು ದಿನದಲ್ಲಿ ಐದನ್ನು ಅಲ್ಲಿಗೇ ಕೊಡಿ.

ಬೆಟ್ಟದ ಸೀಮೆಯ ಬಗ್ಗೆ ಕಾಫಿ ಬೆಳೆಗಾರರು ತಿಳಿದಿರಬೇಕಾದ ಸಂಗತಿ ಒಂದೇ, ಅದನ್ನು ಹೋಗದೆಯೂ ತಿಳಿಯಬಹುದು. ಈಗ ಚಹಾ ಇರುವ ಆ ಇಳಿಜಾರುಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ನಮ್ಮ ಅರೇಬಿಕಾವನ್ನು ಇವತ್ತಿಗೂ ಕಾಡುವ ಅದೇ ಹೆಮಿಲಿಯ ವ್ಯಾಸ್ಟಾಟ್ರಿಕ್ಸ್ ಶಿಲೀಂಧ್ರ. ಕೆಲವೇ ವರ್ಷಗಳಲ್ಲಿ ಸಿಲೋನಿನ ಕಾಫಿ ನೆಲಕಚ್ಚಿತು. 1867ರಲ್ಲಿ ಲೂಲೆಕಂದೆರ ತೋಟದಲ್ಲಿ ಜೇಮ್ಸ್ ಟೇಲರ್ ನೆಟ್ಟಿದ್ದ ಚಹಾ ಆ ಜಾಗ ತುಂಬಿತು. ಆ ಹಸಿರು ಗುಡ್ಡಗಳ ಹಿಂದಿನ ಕತೆ ಇಷ್ಟು.

ಯಾವಾಗ ಹೋಗಬೇಕು

ಇಲ್ಲಿ ಕೊಡಗಿನವರಿಗೆ ಒಂದು ಲಾಭವಿದೆ. ನಮ್ಮನ್ನು ನೆನೆಸುವ ನೈಋತ್ಯ ಮುಂಗಾರು ಶ್ರೀಲಂಕಾದ ನೈಋತ್ಯ ಮೂಲೆಯನ್ನು, ಅಂದರೆ ಕೊಲಂಬೊ, ಗಾಲೆ ಮತ್ತು ಬೆಟ್ಟದ ಪಶ್ಚಿಮ ಮಗ್ಗುಲನ್ನು ನೆನೆಸುತ್ತದೆ. ಬೆಟ್ಟ ದಾಟಿ ಬಯಲಿಗೆ ಇಳಿಯುವಾಗ ಆ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲ. ಹಾಗಾಗಿ ಕಕ್ಕಡದಲ್ಲಿ, ಅಂದರೆ ಜುಲೈ, ಆಗಸ್ಟಿನಲ್ಲಿ, ಇಲ್ಲಿ ಬಟ್ಟೆ ಒಣಗದೆ ಬೂಷ್ಟು ಹಿಡಿಯುವ ಹೊತ್ತಿಗೆ ಬಯಲಿನ ಹಳೆಯ ರಾಜಧಾನಿ ಅನುರಾಧಪುರದಲ್ಲಿ ಧೂಳೆದ್ದಿರುತ್ತದೆ. ಅಲ್ಲಿಗೆ ಮಳೆ ತರುವುದು ಈಶಾನ್ಯ ಮಾರುತ, ಅಕ್ಟೋಬರಿನಿಂದ ಜನವರಿಯವರೆಗೆ.

ಇದರಿಂದ ಎರಡು ಮಾತು. ಕ್ರಿಸ್ಮಸ್ ರಜೆಗೆ ಬುಕ್ ಮಾಡಿದರೆ ಬೀಚಿನಲ್ಲಿ ಬಿಸಿಲು ಸಿಗುತ್ತದೆ, ಅನುರಾಧಪುರದಲ್ಲಿ ಕೊಡೆ ಬೇಕಾಗುತ್ತದೆ. ತೋಟ ಇರುವವರಿಗಂತೂ ಅದು ಕೊಯ್ಲಿನ ಕಾಲ, ಆ ಮಾತೇ ಬೇಡ. ಫೆಬ್ರವರಿ, ಮಾರ್ಚ್ ಅಲ್ಲಿ ಚೆನ್ನಾಗಿರುತ್ತದೆ, ಆದರೆ ಇಲ್ಲಿ ರೊಬಸ್ಟಾ ಕಣದಲ್ಲಿರುತ್ತದೆ, ಅದರ ಬೆನ್ನಿಗೇ ಹೂವಿಗೆ ನೀರು ಹಾಯಿಸುವ ಗಡಿಬಿಡಿ. ನಾಟಿ ಮುಗಿದು, ಕೈಲ್‌ಪೊಳ್ದ್ ಹಬ್ಬ ಕಳೆದು, ತೋಟದಲ್ಲಿ ಹೆಚ್ಚು ಕೆಲಸ ಇಲ್ಲದ ಸೆಪ್ಟೆಂಬರ್ ಎರಡನೇ ವಾರವೇ ಸರಿ. ಬಯಲುಸೀಮೆ ಒಣಗಿರುತ್ತದೆ, ಕ್ಯಾಂಡಿಯ ಎಸಳ ಪೆರಹೆರ ಮೆರವಣಿಗೆ ಮುಗಿದು ರೂಮಿನ ಬಾಡಿಗೆ ಇಳಿದಿರುತ್ತದೆ. ಗಾಲೆಯಲ್ಲಿ ಒಂದೆರಡು ಮಳೆ ಬರಬಹುದು. ಮಳೆಗೆ ಹೆದರುವ ಜಾತಿ ನಮ್ಮದಲ್ಲ.

ಏಪ್ರಿಲ್ 13, 14ರ ಆಸುಪಾಸು ಬೇಡ. ನಮಗೆ ಬಿಸು ಇದ್ದಂತೆ ಅವರಿಗೆ ಹೊಸ ವರ್ಷ. ಅಂಗಡಿ ಹೋಟೆಲು ಮುಚ್ಚಿ ಎಲ್ಲರೂ ಊರಿಗೆ ಹೋಗಿರುತ್ತಾರೆ, ಒಳ್ಳೆಯ ಡ್ರೈವರ್ ಸಿಗುವುದಿಲ್ಲ. ಇನ್ನೊಂದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ: ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಆ ದಿನ ದ್ವೀಪದಲ್ಲಿ ಮದ್ಯ ಮಾರುವುದಿಲ್ಲ. ಹತ್ತು ಹನ್ನೆರಡು ಜನ ನೆಂಟರು ಸೇರಿ ಹೋಗುವಾಗ ಈ ಸುದ್ದಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇವಸ್ಥಾನಗಳಲ್ಲಿ ಅವತ್ತು ಬಿಳಿ ಬಟ್ಟೆಯ ಜನಸಾಗರ. ನೋಡಲು ಚೆಂದ, ನಡೆಯಲು ಜಾಗವಿಲ್ಲ.

ಬುಕ್ ಮಾಡುವ ಮೊದಲು

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಕೊಲಂಬೊಗೆ ನೇರ ವಿಮಾನ ಬೆಂಗಳೂರಿನಿಂದ, ಹಾರಾಟ ಒಂದೂವರೆ ಗಂಟೆಯ ಆಸುಪಾಸು. ಮಡಿಕೇರಿಯಿಂದ ದೇವನಹಳ್ಳಿ ತಲುಪುವುದೇ ಅದಕ್ಕಿಂತ ನಾಲ್ಕು ಪಟ್ಟು ಹೊತ್ತು. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು 2018ರ ನಂತರ ಯಾರಿಗೂ ಹೊಸದಲ್ಲ. ಹಿಂದಿನ ದಿನವೇ ಕುಶಾಲನಗರ ದಾಟಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಲಗಿ.

ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರಬೇಕು. ಇಟಿಎ, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿಯ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಹೊರಡುವ ತಿಂಗಳು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಎಷ್ಟೋ ತಾಣಗಳು ಮಧ್ಯವರ್ತಿಗಳವು. ಅದೇ ಫಾರಂ ತುಂಬಿಸಿ ಹೆಚ್ಚು ದುಡ್ಡು ಕೀಳುತ್ತವೆ.

ಏಜೆಂಟರ ಹತ್ತಿರ ಮೊದಲು ಕೇಳಬೇಕಾದ್ದು ಹೋಟೆಲಿನ ನಕ್ಷತ್ರ ಎಷ್ಟು ಅಂತ ಅಲ್ಲ, ಸೈಟುಗಳ ಟಿಕೆಟ್ ಪ್ಯಾಕೇಜಿನೊಳಗೆ ಇದೆಯೇ ಅಂತ. ಕಡಿಮೆ ದರದ ಪ್ಯಾಕೇಜುಗಳ ಗುಟ್ಟು ಇರುವುದೇ ಇಲ್ಲಿ. ಅನುರಾಧಪುರ, ಪೊಲೊನ್ನರುವ, ಸಿಗಿರಿಯ ಮೂರಕ್ಕೂ ವಿದೇಶಿಯರ ದರ ಡಾಲರಿನಲ್ಲಿ, ತಲೆಗೆ ಲೆಕ್ಕ. ನಾಲ್ಕು ಜನರ ಕುಟುಂಬಕ್ಕೆ ಅದೇ ದೊಡ್ಡ ಗಂಟಾಗುತ್ತದೆ. ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಅಲ್ಲಿ ರಿಯಾಯಿತಿ ಇದೆ, ಆದರೆ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲಿನ ಲಾಕರಿನಲ್ಲಿ ಪಾಸ್‌ಪೋರ್ಟ್ ಬಿಟ್ಟು, ಆಧಾರ್ ಕಾರ್ಡೋ ಜೆರಾಕ್ಸೋ ಹಿಡಿದು ಹೋದವರು ಪೂರ್ತಿ ದರ ಕೊಡಬೇಕಾಗಿ ಬರುತ್ತದೆ. ಅನುರಾಧಪುರದ ಮಹಾಬೋಧಿ ಮರ, ಇಸುರುಮುನಿಯ ಬಂಡೆ ದೇವಾಲಯಗಳಿಗೆ ಬೇರೆ ಚಿಕ್ಕ ಟಿಕೆಟ್. ಅದಕ್ಕೆ ಶ್ರೀಲಂಕಾ ರೂಪಾಯಿಯ ನಗದು ಇಟ್ಟುಕೊಳ್ಳಿ.

ಎರಡನೆಯ ಪ್ರಶ್ನೆ ಗೈಡಿನದು. ಅಲ್ಲಿ ಪ್ರವಾಸೋದ್ಯಮ ಪ್ರಾಧಿಕಾರ ಪರವಾನಗಿ ಕೊಡುತ್ತದೆ, ಅದರಲ್ಲಿ ದರ್ಜೆಗಳಿವೆ: ನ್ಯಾಷನಲ್ ಗೈಡ್, ಕಾರನ್ನೂ ಓಡಿಸುವ ಷೋಫರ್ ಗೈಡ್, ಒಂದು ಜಾಗಕ್ಕೆ ಸೀಮಿತವಾದ ಸೈಟ್ ಗೈಡ್. ‘ಇಂಗ್ಲಿಷ್ ಮಾತಾಡುವ ಡ್ರೈವರ್’ ಎಂದು ಬರೆದಿದ್ದರೆ ಅವರು ಬರೀ ಡ್ರೈವರ್ ಅಷ್ಟೇ. ಗೇಟಿನ ಹತ್ತಿರ ಇಳಿಸಿ ‘ಹೋಗಿ ಬನ್ನಿ ಸಾರ್’ ಅನ್ನುತ್ತಾರೆ. ಕುತ್ತಿಗೆಯಲ್ಲಿ ಪರವಾನಗಿ ಕಾರ್ಡ್ ತೂಗುಹಾಕಿಕೊಂಡವರನ್ನೇ ಕೇಳಿ. ಕನ್ನಡದ ಗೈಡ್ ಸಿಗುತ್ತಾರೆಂದು ನೆಚ್ಚಿಕೊಳ್ಳಬೇಡಿ, ತಮಿಳಿನವರು ಸಿಗುತ್ತಾರೆ. ಸಿದ್ದಾಪುರ, ವಿರಾಜಪೇಟೆ ಕಡೆಯ ಹಿರಿಯರಿಗೆ ಇಂಗ್ಲಿಷಿಗಿಂತ ಅದೇ ಹಿತ.

ಮೂರನೆಯದು, ದಾರಿಯಲ್ಲಿ ನಿಲ್ಲಿಸುವ ಅಂಗಡಿಗಳು. ಮಾತಳೆ ಕಡೆಯ ‘ಸ್ಪೈಸ್ ಗಾರ್ಡನ್’ ಬೇಡ ಎಂದು ಬರೆದುಕೊಟ್ಟುಬಿಡಿ. ಅಲ್ಲಿ ತೋರಿಸುವುದು ಮೆಣಸಿನ ಬಳ್ಳಿ, ಏಲಕ್ಕಿ ಗಿಡ, ವೆನಿಲ್ಲಾ ಬಳ್ಳಿ. ಕೊನೆಗೆ ಒಂದು ಕೊಠಡಿಯಲ್ಲಿ ಕೂರಿಸಿ ಮಂಡಿನೋವಿಗೆ, ಕೂದಲಿಗೆ ಅಂತ ಎಣ್ಣೆ ಮಾರುತ್ತಾರೆ. ಸೋಮವಾರಪೇಟೆಯವರನ್ನು ಕರೆದುಕೊಂಡು ಹೋಗಿ ಏಲಕ್ಕಿ ಗಿಡ ತೋರಿಸುವ ಧೈರ್ಯವನ್ನು ಮೆಚ್ಚಬೇಕು! ರತ್ನದ ಅಂಗಡಿ, ಬಾತಿಕ್ ಅಂಗಡಿಗಳೂ ಕಮಿಷನ್ನಿನ ಲೆಕ್ಕವೇ. ಹೀಗೆ ದಿನಕ್ಕೆರಡು ಕಡೆ ನಿಂತರೆ ಸಂಜೆ ನಾಲ್ಕಕ್ಕೆ ತಲುಪಬೇಕಾದ ಜಾಗಕ್ಕೆ ಕತ್ತಲಾದ ಮೇಲೆ ತಲುಪುತ್ತೀರಿ.

ರಾತ್ರಿಗಳ ಹಂಚಿಕೆ ಹೀಗಿರಲಿ: ಅನುರಾಧಪುರ ಎರಡು, ಸಿಗಿರಿಯ ಇಲ್ಲವೇ ಹಬರಣ ಮೂರು, ಕ್ಯಾಂಡಿ ಒಂದು, ಗಾಲೆ ಒಂದು. ಮೂರು ರಾತ್ರಿ ಒಂದೇ ಹೋಟೆಲಿನಲ್ಲಿದ್ದರೆ ಪೆಟ್ಟಿಗೆ ಕಟ್ಟುವ ಬಿಚ್ಚುವ ಗೋಳು ಇಲ್ಲ. ಪೊಲೊನ್ನರುವ, ದಂಬುಲ್ಲ, ಸಿಗಿರಿಯ ಮೂರೂ ಅಲ್ಲಿಂದ ಒಂದೊಂದು ಗಂಟೆಯೊಳಗಿನ ದಾರಿ. ವಿಮಾನ ಇಳಿಯುವ ಕಟುನಾಯಕದಿಂದ ಅನುರಾಧಪುರಕ್ಕೆ ನಾಲ್ಕು ಗಂಟೆ ಬೇಕು. ಮಧ್ಯಾಹ್ನ ಎರಡರ ನಂತರ ಇಳಿಯುವ ವಿಮಾನವಾದರೆ ಆ ರಾತ್ರಿ ಹತ್ತಿರದ ನೆಗೊಂಬೊದಲ್ಲಿ ಮಲಗಿ. ಹಬರಣದ ಸುತ್ತಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಅಡ್ಡ ಬರುತ್ತದೆ. ಅದೇನು ಎಂದು ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅನುರಾಧಪುರ: ಕೆರೆಯಿಂದ ಶುರುಮಾಡಿ

ಕ್ರಿಸ್ತಪೂರ್ವ 4ನೇ ಶತಮಾನದಿಂದ ಹೆಚ್ಚುಕಡಿಮೆ 1,300 ವರ್ಷ ರಾಜಧಾನಿಯಾಗಿದ್ದ ಊರು ಇದು. ವರ್ಷಕ್ಕೆ ಬೀಳುವ ಮಳೆ ಸುಮಾರು 1,300 ಮಿಲಿಮೀಟರ್, ಅದರಲ್ಲೂ ಹೆಚ್ಚಿನದು ಮೂರು ನಾಲ್ಕು ತಿಂಗಳಲ್ಲಿ. ಭಾಗಮಂಡಲದ ಕಡೆ ಒಂದು ಒಳ್ಳೆಯ ಜುಲೈನಲ್ಲಿ ಬೀಳುವಷ್ಟು. ಅಷ್ಟು ನೀರಿನಲ್ಲಿ ಸಾವಿರಾರು ಭಿಕ್ಷುಗಳಿಗೆ, ಒಂದು ಪಟ್ಟಣಕ್ಕೆ, ಗದ್ದೆಗಳಿಗೆ ವರ್ಷವಿಡೀ ಉಣಿಸಬೇಕಿತ್ತು. ಉತ್ತರ ಕೆರೆ, ಅವರ ಮಾತಿನಲ್ಲಿ ವೆವ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಹೋದರೆ ಅನುರಾಧಪುರ ಬರೀ ಇಟ್ಟಿಗೆ ರಾಶಿಗಳ ಸಾಲಾಗಿ ಕಾಣುತ್ತದೆ. ಮೂರನೇ ಸ್ತೂಪದ ಹೊತ್ತಿಗೆ ಮಕ್ಕಳು ಮೊಬೈಲ್ ಹಿಡಿದಿರುತ್ತಾರೆ.

ಆದ್ದರಿಂದ ತಲುಪಿದ ಸಂಜೆ ಯಾವ ಸ್ತೂಪವೂ ಬೇಡ, ತಿಸ್ಸ ವೆವದ ಏರಿಯ ಮೇಲೆ ನಡೆಯಿರಿ. ಕ್ರಿಸ್ತಪೂರ್ವ 3ನೇ ಶತಮಾನದ ದೇವಾನಾಂಪಿಯ ತಿಸ್ಸ ರಾಜನ ಹೆಸರಿನ ಕೆರೆ. ಇದಕ್ಕೆ ನೀರು ಬರುವುದು 87 ಕಿಲೋಮೀಟರ್ ಉದ್ದದ ಒಂದು ಕಾಲುವೆಯಿಂದ. 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಕಾಲ ವೆವದಿಂದ ಇಲ್ಲಿಯವರೆಗೆ ತೋಡಿದ್ದು, ಹೆಸರು ಜಯಗಂಗಾ. ಮೊದಲ 27 ಕಿಲೋಮೀಟರಿನಲ್ಲಿ ಅದರ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್. ಗದ್ದೆಗೆ ನೀರು ತಿರುಗಿಸಲು ತೋಡು ತೆಗೆದವರಿಗೆ ಇದರ ಅರ್ಥ ಗೊತ್ತು. ಕಣ್ಣಿಗೆ ಆ ಇಳಿಜಾರು ಕಾಣಿಸುವುದೇ ಇಲ್ಲ. ಸ್ವಲ್ಪ ಹೆಚ್ಚಾದರೆ ನೀರು ದಡ ಕೊರೆಯುತ್ತದೆ, ಸ್ವಲ್ಪ ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ.

ಏರಿಯ ಮೇಲೆ ನಿಂತಾಗ ಗೈಡನ್ನು ‘ಬಿಸೊಕೊಟುವ’ ತೋರಿಸಿ ಎಂದು ಕೇಳಿ. ಕೇಳದೆ ಯಾರೂ ತೋರಿಸುವುದಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ತೂಬು ಇರುತ್ತದಲ್ಲ, ಅದರ ಹಳೆಯ ಅಣ್ಣ. ಏರಿಯ ಒಳಮೈಯಲ್ಲಿ ಕಲ್ಲಿನಿಂದ ಕಟ್ಟಿದ ಚೌಕಾಕಾರದ ಬಾವಿ ಅದು. ಕೆರೆಯ ನೀರು ಅಡಿಯ ಕೊಳವೆಯಿಂದ ಮೊದಲು ಈ ಬಾವಿಗೆ ನುಗ್ಗುತ್ತದೆ, ಅಲ್ಲಿ ಅದರ ರಭಸ ಮುರಿಯುತ್ತದೆ, ಆಮೇಲೆ ಏರಿಯ ಕೆಳಗಿನ ತೂಬಿನಿಂದ ಹೊರಗೆ. ಎತ್ತರದ ಕೆರೆಯ ನೀರು ನೇರವಾಗಿ ತೂಬಿಗೆ ನುಗ್ಗಿದರೆ ಕಲ್ಲಿನ ಸಂದುಗಳಿಂದ ಮಣ್ಣು ಕೊಚ್ಚಿ, ಒಳಗಿನಿಂದಲೇ ಏರಿ ಒಡೆಯುತ್ತದೆ. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ನೀರಾವರಿ ಎಂಜಿನಿಯರ್ ಇವುಗಳನ್ನು ಅಳೆದು ನೋಡಿ, ಇದು ಇವತ್ತಿನ ಜಲಾಶಯಗಳ ಕವಾಟ ಗೋಪುರದ ಮೂಲರೂಪ ಎಂದು ಗುರುತಿಸಿದ.

ಮರುದಿನ ಬೆಳಿಗ್ಗೆ ಆರೂವರೆಗೆ ಮಹಾಬೋಧಿಯ ಹತ್ತಿರ ಇರಬೇಕು. ಅಶೋಕನ ಮಗಳು ಸಂಘಮಿತ್ತಾ ಬೋಧಗಯೆಯಿಂದ ತಂದ ಕೊಂಬೆಯಿಂದ ಬೆಳೆದ ಅರಳಿಮರ ಎಂದು ಪರಂಪರೆ. ನೆಟ್ಟ ಕಾಲ ಗೊತ್ತಿರುವ ಮರಗಳಲ್ಲಿ ಜಗತ್ತಿನಲ್ಲೇ ಹಳೆಯದು. ದೊಡ್ಡ ಮರವನ್ನು ಹುಡುಕಬೇಡಿ. ಕೊಡಗಿನ ಕಾಡಿನ ಮರ ನೋಡಿದ ಕಣ್ಣಿಗೆ ಇದು ಸಣ್ಣದು. ಎತ್ತರದ ಕಟ್ಟೆಯ ಮೇಲೆ, ಚಿನ್ನದ ಬಣ್ಣದ ಊರುಗೋಲುಗಳ ಆಸರೆಯಲ್ಲಿ ವಾಲಿಕೊಂಡಿದೆ. ಸುತ್ತ ಇರುವ ದಪ್ಪ ಮರಗಳು ಬೇರೆಯವು.

ಬೆಳಿಗ್ಗೆಯೇ ಏಕೆಂದರೆ ಇಲ್ಲಿಂದ ರುವನ್ವೆಲಿಸಾಯ ಸ್ತೂಪದವರೆಗೆ ಬರಿಗಾಲು. ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು. ಹತ್ತು ಗಂಟೆಯ ನಂತರ ಆ ಕಲ್ಲುಹಾಸು ಕಾವಲಿಯಾಗುತ್ತದೆ, ಮಧ್ಯಾಹ್ನ ಅಂಗಾಲಿನಲ್ಲಿ ಬೊಕ್ಕೆ ಎದ್ದದ್ದೂ ಉಂಟು. ಕಾಲುಚೀಲಕ್ಕೆ ಅಡ್ಡಿಯಿಲ್ಲ, ದಪ್ಪನೆಯ ಒಂದು ಜೊತೆ ಚೀಲದಲ್ಲಿರಲಿ. ಭುಜ, ಮೊಣಕಾಲು ಮುಚ್ಚಿರಬೇಕು. ಬಿಳಿ ಬಟ್ಟೆಯಾದರೆ ಬಿಸಿಲಿಗೂ ಒಳ್ಳೆಯದು, ಅಲ್ಲಿಯವರಿಗೂ ಸಮಾಧಾನ. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬಾರದು. ಇದನ್ನು ಅವರು ಬರೀ ಮರ್ಯಾದೆಯ ಮಾತಾಗಿ ಬಿಡುವುದಿಲ್ಲ, ಕಾವಲಿನವರು ಬಂದು ಅಳಿಸಿಸುತ್ತಾರೆ.

ಬೈಲುಕುಪ್ಪೆಯ ಸ್ವರ್ಣಮಂದಿರ ನೋಡಿ ಬೆಳೆದವರು ಬೌದ್ಧರ ಜಾಗ ಎಂದರೆ ಬಣ್ಣ, ಡೋಲು, ಚಿನ್ನದ ಮೂರ್ತಿಗಳನ್ನು ಎಣಿಸಿಕೊಳ್ಳುತ್ತಾರೆ. ಇಲ್ಲಿಯದು ಥೇರವಾದ ಎಂಬ ಬೌದ್ಧ ಪಂಥ, ಎಲ್ಲವೂ ಬಿಳಿ ಮತ್ತು ಮೌನ. ಸ್ತೂಪದೊಳಗೆ ಹೋಗಲು ಬಾಗಿಲಿಲ್ಲ, ಅದು ಪೂರ್ತಿ ಗಟ್ಟಿ ಇಟ್ಟಿಗೆ. ಬಲಕ್ಕಿಟ್ಟುಕೊಂಡು ಸುತ್ತು ಹಾಕುವುದೇ ದರ್ಶನ. ರುವನ್ವೆಲಿಸಾಯವನ್ನು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ದುಟ್ಟಗಾಮಣಿ ಕಟ್ಟಿಸಿದ. ಅದಕ್ಕಿಂತ ಬೆರಗು ಹುಟ್ಟಿಸುವುದು ಸುಣ್ಣ ಬಳಿಯದೆ ಕೆಂಪಾಗಿಯೇ ನಿಂತಿರುವ ಜೇತವನಾರಾಮ. 3ನೇ ಶತಮಾನದ ಕೊನೆಗೆ ಮಹಾಸೇನ ರಾಜ ಶುರುಮಾಡಿಸಿದ್ದು. ಆಗ 122 ಮೀಟರ್ ಇತ್ತು, ಈಗ 71 ಉಳಿದಿದೆ. ಆ ಕಾಲದ ಜಗತ್ತಿನಲ್ಲಿ ಇದಕ್ಕಿಂತ ಎತ್ತರ ಇದ್ದದ್ದು ಗಿಜಾದ ಎರಡು ಪಿರಮಿಡ್‌ಗಳು ಮಾತ್ರ. ಒಳಗಿರುವ ಇಟ್ಟಿಗೆ 9 ಕೋಟಿಗೂ ಮಿಕ್ಕು ಎಂದು ಅಂದಾಜು.

ಹತ್ತೂವರೆಗೆ ಹೋಟೆಲಿಗೆ ಮರಳಿ, ಮಲಗಿ. ನಿಜವಾಗಿ. ತಂಪಿನಲ್ಲಿ ಇದ್ದು ರೂಢಿಯಾದವರಿಗೆ ಅಲ್ಲಿ ಬೆವರು ಹರಿಯುವುದು ಗೊತ್ತಾಗುವುದಿಲ್ಲ, ಒಣಗಾಳಿ ಹೀರಿಬಿಡುತ್ತದೆ. ಮಧ್ಯಾಹ್ನ ತಲೆನೋವು, ಸಂಜೆ ವಾಂತಿ, ಒಂದು ದಿನ ಹಾಳು. ತಲೆಗೆ ಮೂರು ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ, ಮತ್ತೆ ದಾರಿಬದಿಯ ಕಿತ್ತಳೆ ಬಣ್ಣದ ಎಳನೀರು. ಅದರ ಹೆಸರು ತಂಬಿಲಿ.

ಮೂರು ಗಂಟೆಗೆ ಅಭಯಗಿರಿ ಎಂಬ ಹಳೆಯ ವಿಹಾರ. ಇಲ್ಲಿ ಗೈಡ್‌ಗಳು ‘ಮಹಾಸೇನನ ಅರಮನೆ’ ಅನ್ನುವ ಕಟ್ಟಡ ನಿಜಕ್ಕೂ ಭಿಕ್ಷುಗಳ ವಸತಿ. ಅದರ ಮೆಟ್ಟಿಲ ಬುಡದಲ್ಲಿ ಅರ್ಧ ಚಂದ್ರನ ಆಕಾರದ ಒಂದು ಕಲ್ಲಿದೆ, ಚಂದ್ರಶಿಲೆ. ಎಲ್ಲರೂ ಬೇಲಿಯ ಆಚೆಯಿಂದ ಒಂದು ಫೋಟೊ ಹೊಡೆದು ಹೋಗುತ್ತಾರೆ. ಹತ್ತು ನಿಮಿಷ ನಿಲ್ಲಿ. ಹೊರಗಿನ ಸುತ್ತಿನಲ್ಲಿ ಬೆಂಕಿಯ ನಾಲಗೆಗಳು. ಅದರ ಒಳಗೆ ಆನೆ, ಕುದುರೆ, ಸಿಂಹ, ಎತ್ತು, ಒಂದರ ಬಾಲ ಹಿಡಿದಂತೆ ಇನ್ನೊಂದು ಓಡುತ್ತಿವೆ. ಕುದುರೆಯ ಕಾಲಿನ ಮಡಿಕೆ, ಆನೆಯ ಸೊಂಡಿಲಿನ ತಿರುವು ಒಂದಕ್ಕೊಂದು ಬೇರೆ. ಆಮೇಲೆ ಬಳ್ಳಿ, ಕೊಕ್ಕಿನಲ್ಲಿ ಮೊಗ್ಗು ಕಚ್ಚಿದ ಹಂಸಗಳು, ನಡುವೆ ಅರಳಿದ ತಾವರೆ. ಇದನ್ನು ನೆನಪಿಟ್ಟುಕೊಳ್ಳಿ, ಪೊಲೊನ್ನರುವದಲ್ಲಿ ಬೇಕಾಗುತ್ತದೆ.

ಅಲ್ಲೇ ಹತ್ತಿರ ಕುಟ್ಟಂ ಪೊಕುಣ, ಜೋಡಿ ಕೊಳ. ದೊಡ್ಡದು 40 ಮೀಟರ್, ಚಿಕ್ಕದು 28. ನೀರು ನೇರ ಕೊಳಕ್ಕೆ ಬೀಳದೆ ಪಕ್ಕದ ಸಣ್ಣ ಕಲ್ಲುತೊಟ್ಟಿಯಲ್ಲಿ ನಿಂತು, ಕೆಸರು ತಳ ಹಿಡಿದ ಮೇಲೆ, ಮೇಲಿನ ತಿಳಿ ಮಾತ್ರ ಮಕರದ ಬಾಯಿಯಿಂದ ಒಳಗೆ ಬರುವಂತೆ ಮಾಡಿದ್ದಾರೆ. ಆ ತೊಟ್ಟಿ ಹುಲ್ಲಿನ ನಡುವೆ ಇದೆ, ಗೈಡ್ ದಾಟಿ ಹೋಗುವ ಮೊದಲು ಕರೆದು ಕೇಳಿ. ಅದರ ಮರುದಿನ ಬೆಳಿಗ್ಗೆ ಮಿಹಿಂತಲೆಗೆ. ಅಶೋಕನ ಮಗ ಮಹಿಂದ ರಾಜ ತಿಸ್ಸನನ್ನು ಕಂಡ ಬೆಟ್ಟ ಅದು. 1,840 ಮೆಟ್ಟಿಲು, ಆದರೆ ನಡುವಿನವರೆಗೆ ವಾಹನ ಹೋಗುತ್ತದೆ. ಮಂಡಿ ಹಿಡಿದವರು ಅಲ್ಲಿಂದ ಹತ್ತಬಹುದು.

ಸಿಗಿರಿಯ, ದಂಬುಲ್ಲ

ಅನುರಾಧಪುರದಿಂದ ಸಿಗಿರಿಯಕ್ಕೆ ಬರುವ ದಾರಿಯಲ್ಲಿ ಸ್ವಲ್ಪ ಸುತ್ತಾದರೂ ಕಾಲ ವೆವದ ಏರಿ, ಅದರ ಹತ್ತಿರದ ಅವುಕನ ಬುದ್ಧನನ್ನು ನೋಡಿ. ಒಂದೇ ಬಂಡೆಯಿಂದ ಕಡೆದ ನಿಂತ ಮೂರ್ತಿ, 12 ಮೀಟರಿಗೂ ಎತ್ತರ. ಸಿಗಿರಿಯದ ಕತೆ ಶುರುವಾಗುವುದು ಈ ಕೆರೆಯಿಂದಲೇ. ಧಾತುಸೇನನನ್ನು ಅವನ ಮಗ ಕಾಶ್ಯಪ ಸೆರೆ ಹಿಡಿದು ‘ನಿಧಿ ಎಲ್ಲಿ’ ಎಂದು ಕೇಳಿದನಂತೆ. ಮುದುಕ ಕಾಲ ವೆವಕ್ಕೆ ಹೋಗಿ, ನೀರನ್ನು ಬೊಗಸೆಯಲ್ಲಿ ಎತ್ತಿ, ತನ್ನ ಆಸ್ತಿ ಇಷ್ಟೇ ಅಂದನಂತೆ. ಕಾಶ್ಯಪ ಅವನನ್ನು ಕೊಲ್ಲಿಸಿ, ತಮ್ಮ ಮೊಗ್ಗಲ್ಲಾನನ ಸೇಡಿಗೆ ಹೆದರಿ, ಬಯಲ ನಡುವಿನ ಬಂಡೆಯ ನೆತ್ತಿಗೆ ಅರಮನೆ ಸಾಗಿಸಿದ. 477ರಿಂದ 495ರವರೆಗೆ ಆಳಿದ, ಕೊನೆಗೆ ತಮ್ಮ ಬಂದೇ ಬಂದ.

ಬಂಡೆ ಸುತ್ತಲ ನೆಲದಿಂದ ಸುಮಾರು 180 ಮೀಟರ್, ಮೆಟ್ಟಿಲು 1,200ರ ಆಸುಪಾಸು. ತಡಿಯಂಡಮೋಳ್ ಬೆಟ್ಟ ಹತ್ತಿದವರಿಗೆ ಇದೇನೂ ಅಲ್ಲ. ಕಷ್ಟ ಕೊಡುವುದು ಬಿಸಿಲು ಮತ್ತು ಜನ. ಎಂಟೂವರೆ ದಾಟಿತೆಂದರೆ ಕಬ್ಬಿಣದ ಮೆಟ್ಟಿಲುಗಳಲ್ಲಿ ಒಬ್ಬರ ಹಿಂದೊಬ್ಬರು ನಿಂತು, ಮುಂದಿನವರು ಹೆಜ್ಜೆ ಎತ್ತುವವರೆಗೆ ನೀವು ಎತ್ತುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ. ಹೋಟೆಲಿನವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ತಿಂಡಿ ಕಟ್ಟಿಕೊಡುತ್ತಾರೆ.

ನಡುವಿನ ಗುಹೆಯ ಚಿತ್ರಗಳಿಗೆ ಸುರುಳಿ ಮೆಟ್ಟಿಲು, ಫೋಟೊ ನಿಷಿದ್ಧ. ಅದರ ಕೆಳಗೆ ಕನ್ನಡಿ ಗೋಡೆ. ನುಣ್ಣಗೆ ಉಜ್ಜಿದ ಗಾರೆಯ ಮೇಲೆ ಶತಮಾನಗಳ ಕಾಲ ಬಂದುಹೋದವರು ಚಿತ್ರದ ಹೆಣ್ಣುಗಳನ್ನು ಕಂಡು ಪದ್ಯ ಗೀಚಿದ್ದಾರೆ. ಪರಣವಿತಾನ ಎಂಬ ಪುರಾತತ್ವ ವಿದ್ವಾಂಸರು ಅವುಗಳಲ್ಲಿ 685ನ್ನು ಓದಿ ಪ್ರಕಟಿಸಿದರು. ಇವತ್ತು ನೀವು ಗೀಚಿದರೆ ಪೊಲೀಸ್ ಕೇಸು. ಸಿಂಹದ ಪಂಜಗಳ ಅಂಗಳದವರೆಗೆ ಎಲ್ಲರೂ ಬರಬಹುದು. ಅಲ್ಲಿಂದ ಮೇಲಿನದು ಕಡಿದು, ಬದಿಯಲ್ಲಿ ಗಾಳಿ. ತಲೆಸುತ್ತು ಬರುವವರು ಅಲ್ಲೇ ಕೂರಲಿ. ಬಂಡೆಯಲ್ಲಿ ಹೆಜ್ಜೇನಿನ ಗೂಡುಗಳಿವೆ. ‘ಸದ್ದು ಮಾಡಬೇಡಿ’ ಎಂಬ ಫಲಕ ಅಲಂಕಾರಕ್ಕಲ್ಲ. ಅವು ಎದ್ದರೆ ದಾರಿಯನ್ನೇ ಮುಚ್ಚುತ್ತಾರೆ. ಕೂಗಾಟ, ಗಾಢ ಸೆಂಟು ಎರಡೂ ಬೇಡ. ಇಳಿದು ಹೊರಬರುವ ದಾರಿ ಬೇರೆ, ವಾಹನ ಎಲ್ಲಿ ಕಾಯಬೇಕೆಂದು ಹತ್ತುವ ಮೊದಲೇ ಡ್ರೈವರಿಗೆ ಹೇಳಿ.

ದಂಬುಲ್ಲದ ಐದು ಗುಹೆಗಳಿಗೆ ಸಂಜೆ ಸಾಕು. ಟಿಕೆಟ್ ಕೆಳಗೇ ತೆಗೆದುಕೊಳ್ಳಿ. ಮೆಟ್ಟಿಲು ಹತ್ತಿ ಮುಗಿಸಿ ‘ಟಿಕೆಟ್ ಎಲ್ಲಿ’ ಎಂದು ಕೇಳಿಸಿಕೊಂಡು ಮತ್ತೆ ಇಳಿಯುವವರು ದಿನವೂ ಇರುತ್ತಾರೆ. ಕೋತಿಗಳು ಕೈಯಲ್ಲಿನ ಪ್ಲಾಸ್ಟಿಕ್ ಚೀಲವನ್ನು ತಿಂಡಿ ಎಂದೇ ತಿಳಿಯುತ್ತವೆ.

ಆನೆ ಸಫಾರಿಗೆ ದುಡ್ಡು ಕೊಡಬೇಕೇ? ತೋಟಕ್ಕೆ ಬಂದ ಆನೆಯನ್ನು ಪಟಾಕಿ ಹೊಡೆದು ಅಟ್ಟುವ ಊರಿನವರಿಗೆ ಇದು ತಮಾಷೆಯ ಪ್ರಶ್ನೆ. ಆದರೂ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದರೆ ಮಿನ್ನೇರಿಯ ಬಿಡಬೇಡಿ. ಜೇತವನದ ಅದೇ ಮಹಾಸೇನ ಕಟ್ಟಿಸಿದ ಕೆರೆ. ನೀರು ಇಳಿದಂತೆ ತಳದಲ್ಲಿ ಹಸಿ ಹುಲ್ಲು ಏಳುತ್ತದೆ, ಸುತ್ತಲ ಕಾಡಿನಿಂದ ನೂರಾರು ಆನೆಗಳು ಅದಕ್ಕೆ ಇಳಿಯುತ್ತವೆ.

ಪೊಲೊನ್ನರುವ

993ರಲ್ಲಿ ರಾಜರಾಜ ಚೋಳನ ಸೇನೆ ಅನುರಾಧಪುರವನ್ನು ಹಾಳುಗೆಡವಿತು. ಚೋಳರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಕೊಡಗಿನ ಉತ್ತರ ಭಾಗವನ್ನು ಆಳಿದ ಕೊಂಗಾಳ್ವರು ಇದೇ ಚೋಳರ ಸಾಮಂತರು. ಶನಿವಾರಸಂತೆ ಹತ್ತಿರದ ಮುಳ್ಳೂರಿನ ಬಸದಿಗಳು ಅವರವು. ಮುಳ್ಳೂರನ್ನು ಒಮ್ಮೆ ನೋಡಿ ಹೋದವರು ಪೊಲೊನ್ನರುವದ ಎರಡನೇ ಶಿವ ದೇವಾಲೆಯ ಎದುರು ನಿಂತರೆ, ಸುತ್ತೆಲ್ಲ ಇಟ್ಟಿಗೆಯ ನಡುವೆ ಈ ಕಲ್ಲಿನ ಗುಡಿ ಎಲ್ಲಿಂದ ಬಂತು ಎಂದು ಯಾರೂ ಹೇಳಬೇಕಾಗಿಲ್ಲ. 1070ರಲ್ಲಿ ಮೊದಲನೇ ವಿಜಯಬಾಹು ಚೋಳರನ್ನು ಓಡಿಸಿದರೂ ರಾಜಧಾನಿಯನ್ನು ಇಲ್ಲೇ ಇಟ್ಟುಕೊಂಡ.

ಈ ಊರು ಒಂದೇ ದಿನಕ್ಕೆ ಸಾಲುತ್ತದೆ. ಟಿಕೆಟ್ ಕೊಡುವುದು ಮ್ಯೂಸಿಯಂ ಹತ್ತಿರ. ಮೊದಲು ಮ್ಯೂಸಿಯಂ ನೋಡಿ. ಕಟ್ಟಡಗಳು ಮರದ ಮಾಡಿನೊಡನೆ ಹೇಗಿದ್ದವು ಎಂಬ ಮಾದರಿಗಳಿವೆ. ಅವನ್ನು ನೋಡದೆ ಹೋದರೆ ಹೊರಗೆ ಬರೀ ಕಂಬಗಳು. ನೆಲ ಸಮತಟ್ಟು, ದಾರಿ ನೆರಳು, ಬಾಡಿಗೆಗೆ ಸೈಕಲ್ ಸಿಗುತ್ತದೆ.

ಚೌಕದ ಅಂಗಳದ ವಟದಾಗೆ ಎಂಬ ದುಂಡು ಗುಡಿಯಲ್ಲಿ ಚಂದ್ರಶಿಲೆ ಮತ್ತೆ ಸಿಗುತ್ತದೆ. ಆನೆ ಇದೆ, ಕುದುರೆ ಇದೆ. ಎತ್ತು ಎಲ್ಲಿ? ಇಲ್ಲ. ಚೋಳರ ಕಾಲ ಕಳೆದ ಮೇಲೆ ಶಿವನ ನಂದಿಯನ್ನು ಕಾಲಿನಡಿ ತುಳಿಯುವುದು ತಪ್ಪೆನಿಸಿ ಕೈಬಿಟ್ಟರು ಎಂದು ವಿವರಣೆ. ಅದೇ ಅಂಗಳದಲ್ಲಿ ನಿಶ್ಶಂಕ ಮಲ್ಲನ ಕಲ್ಲಿನ ‘ಪುಸ್ತಕ’ ಇದೆ, ಎಂಟು ಮೀಟರ್ ಉದ್ದ, ಸುಮಾರು 25 ಟನ್ ತೂಕ, ಮಿಹಿಂತಲೆಯಿಂದ ಎಳೆಸಿ ತಂದದ್ದು. ತುಂಬ ತನ್ನದೇ ಹೊಗಳಿಕೆ. ಒಂಬತ್ತು ವರ್ಷ ಆಳಿದವನಿಗೆ ಇದು ಸ್ವಲ್ಪ ಹೆಚ್ಚಾಯಿತು.

ಗಲ್ ವಿಹಾರಕ್ಕೆ ಸಂಜೆ ನಾಲ್ಕರ ನಂತರ ಬನ್ನಿ. ಒಂದೇ ಬಂಡೆಯ ಮೈಯಲ್ಲಿ ನಾಲ್ಕು ಮೂರ್ತಿಗಳು. ಮಲಗಿದ ಬುದ್ಧ 14 ಮೀಟರ್. ದೂರದಿಂದ ಅಳತೆ ಕಾಣುತ್ತದೆ, ಹತ್ತಿರ ಹೋಗಿ ದಿಂಬು ನೋಡಿ: ತಲೆಯ ಭಾರಕ್ಕೆ ಕಲ್ಲಿನ ದಿಂಬು ಒಳಕ್ಕೆ ಕುಸಿದಿದೆ. ಆಮೇಲೆ ಪಾದದ ಕಡೆಗೆ. ಎರಡು ಹೆಬ್ಬೆರಳೂ ಸಮನಾಗಿಲ್ಲ, ಮೇಲಿನ ಪಾದ ಒಂದಿಷ್ಟು ಹಿಂದಕ್ಕೆ ಸರಿದಿದೆ. ಸಮನಾಗಿದ್ದರೆ ನಿದ್ದೆ, ಸರಿದಿದ್ದರೆ ಪರಿನಿರ್ವಾಣ, ಅಂದರೆ ಬುದ್ಧನ ಅಂತ್ಯ. ಮೇಲೆ ಹಾಕಿರುವ ಚಾವಣಿಯ ಕಂಬಗಳು ನೋಟಕ್ಕೆ ಅಡ್ಡ ಬರುತ್ತವೆ, ಎದುರಿನ ಬಂಡೆಯ ಮೇಲೆ ಕೂತರೆ ನಾಲ್ಕೂ ಕಾಣುತ್ತವೆ. ಬೆಳಕು ಇಳಿಯುವ ಮೊದಲು ಪರಾಕ್ರಮ ಸಮುದ್ರದ ಏರಿಗೆ ಹೊರಡಿ. 12ನೇ ಶತಮಾನದ ಪರಾಕ್ರಮಬಾಹು ಹಳೆಯ ಕೆರೆಗಳನ್ನು ಸೇರಿಸಿ ಮಾಡಿಸಿದ್ದು. ಏರಿ ಸುಮಾರು 14 ಕಿಲೋಮೀಟರ್, ಈಗಲೂ ಅದರ ನೀರಿನಲ್ಲೇ ಗದ್ದೆ.

ಉಳಿದದ್ದು

ಕ್ಯಾಂಡಿಗೆ ಒಂದು ರಾತ್ರಿ ಸಾಕು. ಬುದ್ಧನ ಹಲ್ಲನ್ನು ಇಟ್ಟಿರುವ ದಂತ ದೇವಾಲಯದಲ್ಲಿ ಪೂಜೆ ಬೆಳಿಗ್ಗೆ 5:30, 9:30 ಮತ್ತು ಸಂಜೆ 6:30ಕ್ಕೆ. ಬಾಗಿಲು ತೆಗೆಯುವುದು ಆಗ ಮಾತ್ರ, ಅದೂ ಕಾಣುವುದು ಚಿನ್ನದ ಕರಂಡಕ, ದಂತವಲ್ಲ. ಸಂಜೆಯ ನೂಕುನುಗ್ಗಲಿಗಿಂತ ಬೆಳಗಿನದು ಮೇಲು. 1998ರ ಬಾಂಬ್ ದಾಳಿಯ ನಂತರ ತಪಾಸಣೆ ಬಿಗಿ, ಸಾಲಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಊರ ನಡುವಿನ ಕೆರೆ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ಮಾಡಿಸಿದ್ದು, ಮಧುರೆಯ ಕಡೆಯ ನಾಯಕ ಮನೆತನದವನು. 1815ರಲ್ಲಿ ಅವನದೇ ಸರದಾರರು ಬ್ರಿಟಿಷರ ಜೊತೆ ಸೇರಿ ಅವನನ್ನು ಇಳಿಸಿದರು, ವೇಲೂರಿನ ಕೋಟೆಗೆ ಗಡೀಪಾರು. ಹತ್ತೊಂಬತ್ತು ವರ್ಷದ ನಂತರ, 1834ರಲ್ಲಿ, ಮಡಿಕೇರಿಯಲ್ಲಿ ಚಿಕ್ಕವೀರರಾಜೇಂದ್ರನಿಗೆ ಆದದ್ದು ಗೊತ್ತಿರುವವರಿಗೆ ಗೈಡಿನ ಕತೆ ಅರ್ಧಕ್ಕೇ ಪರಿಚಿತವಾಗಿಬಿಡುತ್ತದೆ.

ಕ್ಯಾಂಡಿಯಿಂದ ಗಾಲೆಗೆ ಐದು ಗಂಟೆ. ಪೋರ್ಚುಗೀಸರು ಶುರುಮಾಡಿ, 1640ರಲ್ಲಿ ಡಚ್ಚರು ಕಿತ್ತುಕೊಂಡು ಗಟ್ಟಿಗೊಳಿಸಿದ ಕೋಟೆ. ಒಳಗೆ ಇವತ್ತಿಗೂ ಜನ ಬದುಕುತ್ತಿದ್ದಾರೆ. 1755ರ ಡಚ್ ಚರ್ಚಿನ ನೆಲಕ್ಕೆ ಗೋರಿಕಲ್ಲುಗಳನ್ನೇ ಹಾಸಿದ್ದಾರೆ. ಗೋಡೆಯ ಮೇಲೆ ಒಂದು ಸುತ್ತು ಒಂದೂವರೆ ಗಂಟೆ, ಸಂಜೆ ಐದಕ್ಕೆ ಶುರುಮಾಡಿ. 2004ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದಾಗ ಈ ಗೋಡೆ ಒಳಗಿನವರನ್ನು ಉಳಿಸಿತು. ಮರಳುವಾಗ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಹಿಡಿಯಿರಿ.

ಊಟದ ಚಿಂತೆ ಬೇಡ. ಬೆಳಗಿನ ಇಂಡಿಯಪ್ಪ ನಮ್ಮ ನೂಪುಟ್ಟೇ. ಗಾಲೆಯ ಕಡೆ ಮೀನಿನ ಆಂಬುಲ್ ತಿಯಲ್ ತಿನ್ನಿ. ಕಪ್ಪಾಗಿ, ಹುಳಿಯಾಗಿ ಇರುತ್ತದೆ. ಹುಳಿ ಯಾವುದೆಂದರೆ ಗೊರಕ, ನಾವು ಕಾಚಂಪುಳಿ ಇಳಿಸುವ ಅದೇ ಮರದ ಕಾಯಿ, ಅವರು ಒಣಗಿಸಿ ಬಳಸುತ್ತಾರೆ. ಸಸ್ಯಾಹಾರಿಗಳು ಒಂದು ಪದ ಕಲಿಯಬೇಕು: ಉಂಬಲಕಡ, ಒಣಮೀನಿನ ಚೂರು. ತೆಂಗಿನಕಾಯಿಯ ಸಂಬೋಲ್ ಚಟ್ನಿಯಲ್ಲೂ ಸೊಪ್ಪಿನ ಪಲ್ಯದಲ್ಲೂ ಅದು ನುಸುಳಿರುತ್ತದೆ. ‘ವೆಜ್’ ಅಂದರೆ ಮಾಂಸವಿಲ್ಲ ಎಂದಷ್ಟೇ ತಿಳಿಯುವವರು ಇದ್ದಾರೆ.

ತರುವುದಾದರೆ ದಾಲ್ಚಿನ್ನಿ ತನ್ನಿ, ಸೂಪರ್‌ಮಾರ್ಕೆಟಿನಿಂದ. ಅಸಲಿಯದು ಕಾಗದದಂಥ ತೆಳು ಪದರಗಳನ್ನು ಒಂದರೊಳಗೊಂದು ಸುತ್ತಿದ ಕಡ್ಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ದಪ್ಪ ಒಂಟಿ ಚಕ್ಕೆಯಾದರೆ ಕ್ಯಾಸಿಯ. ಗಿಡ, ಬೀಜ, ಮೆಣಸಿನ ಬಳ್ಳಿಯ ತುಂಡು ಮಾತ್ರ ಬೇಡ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತಂದರೆ ಬೆಂಗಳೂರಿನಲ್ಲಿ ಕಿತ್ತುಕೊಳ್ಳುತ್ತಾರೆ. ಒದ್ದೆ ಪೇಪರಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟರೂ ಸ್ಕ್ಯಾನರಿಗೆ ಕಾಣುತ್ತದೆ.